ಷರಾದಲ್ಲಿ ನಾಲ್ಕು ಸಾಲು

ಅದೇ ಅಲ್ಲದಿರಬಹುದು. ಚಿತ್ರ ನೋಡಿದರೆ ಅದೇ ಅನ್ನಿಸುತ್ತದೆ, ನಿಜ. ಆದರೆ ಬರೀ ಚಿತ್ರ ನೋಡಿ ಹೇಳುವ ಹಾಗಿದ್ದರೆ ಈ ಕೆಲಸಕ್ಕೆ ಓದಿದವರೇ ಬೇಕಿರಲಿಲ್ಲ. ಓದಿದ್ದೂ ಆಯಿತಲ್ಲ, ಎರಡು ಸಲ. ಮೂರನೆಯ ಸಲ ಓದಿದರೆ ಬೇರೆಯಾಗಿಬಿಡುತ್ತದೆಯೇ? ಅಥವಾ ಓದಲೇ ಇಲ್ಲ ಅಂದುಕೊಂಡರೆ? ಒಂದು ಗುಂಡಿ ಒತ್ತಿದರೆ ಈ ಹಾಳೆ ಪರದೆಯಿಂದ ಹೋಗುತ್ತದೆ. ಇನ್ನು ಮೂವತ್ತೆಂಟು ವರ್ಷ ಇದನ್ನು ಯಾರೂ ತೆರೆಯುವುದಿಲ್ಲ. ತೆರೆಯುವುದಿಲ್ಲವೇ? ತಾನು ತೆರೆದೆನಲ್ಲ.

ಅವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಪರದೆಯಿಂದ ಒಂದು ಮಾರು ದೂರ ಕೂತ. ದೂರದಿಂದಲೂ ಅದು ಅದೇ ಆಗಿತ್ತು.

ಅವನ ಕೆಲಸವೇ ಇದು. ಸಣ್ಣ ಕಾರ್ಖಾನೆಗಳು ಒತ್ತೊತ್ತಾಗಿದ್ದ ಬಡಾವಣೆಯಲ್ಲಿ, ನಟ್ಟು ಬೋಲ್ಟು ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ, ಪೇಟೆಂಟ್ ಮಾಹಿತಿ ಕೇಂದ್ರ. ಐದು ಮೇಜು, ಐದು ಕಂಪ್ಯೂಟರು, ಒಂದು ಕಿಟಕಿ. ಸುತ್ತಲಿನ ಶೆಡ್ಡುಗಳಿಂದ ಜನ ಎಣ್ಣೆ ಮೆತ್ತಿದ ಕೈಯಲ್ಲಿ ಏನಾದರೊಂದು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುತ್ತಾರೆ. ನಾನೊಂದು ಹೊಸದು ಮಾಡಿದ್ದೀನಿ, ಇದು ಹೊಸದೇನಾ ನೋಡಿ ಹೇಳಿ ಅನ್ನುತ್ತಾರೆ. ಕೇಂದ್ರದವರು ದೇಶದೇಶಗಳ ಹಳೆಯ ಪೇಟೆಂಟುಗಳನ್ನು ಜಾಲಾಡಿ, ಇದನ್ನು ಮೊದಲೇ ಯಾರಾದರೂ ಮಾಡಿದ್ದಾರೆಯೇ ಎಂದು ವರದಿ ಬರೆದುಕೊಡುತ್ತಾರೆ. ಸಾಮಾನ್ಯವಾಗಿ ಯಾರಾದರೂ ಮಾಡಿಯೇ ಇರುತ್ತಾರೆ. ಹೊಸದು ಅಂದರೆ ಇನ್ನೂ ಸಿಕ್ಕಿಲ್ಲ ಅಂತ ಅರ್ಥ ಎಂದು ಪಕ್ಕದ ಮೇಜಿನವನು ನಗುತ್ತಿದ್ದ. ವರದಿ ಓದಿದ ಮೇಲೆ ಜನ ಮೆಟ್ಟಿಲು ಇಳಿಯುವ ಸದ್ದೇ ಬೇರೆ. ಹತ್ತುವುದಕ್ಕಿಂತ ಇಳಿಯುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಹನ್ನೊಂದು ವರ್ಷದಿಂದ ಅವನು ಆ ಸದ್ದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವನ ಹಾಗೆ ಕೂತಿದ್ದ.

ಈ ಸಲ ಇಳಿಯಬೇಕಾದವನು ಅವನ ಭಾವ. ಅಕ್ಕನ ಗಂಡ.

ಆರು ವಾರದ ಹಿಂದೆ ಭಾವ ಬಂದದ್ದು ಹಳೆಯ ಬನಿಯನ್ನಿನ ತುಂಡಿನಲ್ಲಿ ಏನನ್ನೋ ಸುತ್ತಿಕೊಂಡು.

"ಏನೋ ಭೂತಗನ್ನಡಿ, ಇದ್ದೀಯಾ? ನಿಮ್ಮ ಮೆಟ್ಟಿಲು ಹತ್ತೋ ಹೊತ್ತಿಗೆ ನಂಗೆ ಇನ್ನೊಂದು ಹೊಸದು ಹೊಳೀತು ನೋಡು. ಮಂಡಿಗೆ ಗ್ರೀಸ್ ಹೊಡೆಯೋ ಮಿಷಿನ್ನು. ಅದನ್ನೂ ಹುಡುಕಿಬಿಡು."

ಭೂತಗನ್ನಡಿ ಎಂದು ಹೆಸರಿಟ್ಟದ್ದೇ ಭಾವ. ಚಿಕ್ಕಂದಿನಿಂದ ಏನನ್ನಾದರೂ ಕಣ್ಣಿಗೆ ಹತ್ತಿರ ಹಿಡಿದು ನೋಡುವ ಚಾಳಿ, ಅದರ ಮೇಲೆ ಈ ಕೆಲಸ. ಆವತ್ತು ಆ ಹೆಸರು ಕೇಂದ್ರದವರ ಕಿವಿಗೂ ಬಿದ್ದು ಅಲ್ಲೂ ಅದೇ ಗಟ್ಟಿಯಾಯಿತು.

ಬಟ್ಟೆ ಬಿಚ್ಚಿದರೆ ಒಂದು ರಿಂಗು. ಅಂಗೈಯಲ್ಲಿ ಕೂರುವಷ್ಟು, ಎರಡು ಅರ್ಧಗಳದ್ದು. ನೀರೆತ್ತುವ ಪಂಪಿನಲ್ಲಿ ದಂಡ ತಿರುಗುವ ಕಡೆ ನೀರು ಸೋರುತ್ತದೆ. ಸೋರದ ಹಾಗೆ ಅಲ್ಲೊಂದು ರಿಂಗು ಕೂರಿಸಿರುತ್ತಾರೆ. ಅದು ಸವೆದರೆ ಇಡೀ ಪಂಪನ್ನೇ ಬಿಚ್ಚಬೇಕು. ಭಾವನ ರಿಂಗನ್ನು ಪಂಪು ಬಿಚ್ಚದೆ ಹೊರಗಿನಿಂದಲೇ ಕೂರಿಸಬಹುದಿತ್ತು. ಅಂಚು ಓರೆಯಾಗಿದ್ದುದರಿಂದ ಸವೆದಷ್ಟೂ ನೀರಿನ ಒತ್ತಡವೇ ಅದನ್ನು ಬಿಗಿ ಮಾಡುತ್ತಿತ್ತು. ಇಷ್ಟಕ್ಕೆ ಭಾವನಿಗೆ ಎಂಟು ವರ್ಷ ಹಿಡಿದಿತ್ತು. ಅಕ್ಕ ಅದನ್ನು ಸವತಿ ಅನ್ನುತ್ತಿದ್ದಳು. "ಊಟಕ್ಕೆ ಬನ್ನಿ ಅಂತ ನಾನು ಗಂಟಲು ಹರ್ಕೊಂಡ್ರೂ ಬರಲ್ಲ. ಆ ಸವತಿ ಒಂದು ತೊಟ್ಟು ಸೋರಿದ್ರೆ ಸಾಕು, ಎದ್ದೂ ಬಿದ್ದೂ ಓಡ್ತಾರೆ."

ಪಂಪು ತಯಾರಿಸುವ ದೊಡ್ಡ ಕಂಪನಿಯೊಂದು ರಿಂಗನ್ನು ನೋಡಿ ಒಪ್ಪಿತ್ತು. ಇದು ಹೊಸದು ಅಂತ ಮಾಹಿತಿ ಕೇಂದ್ರದಿಂದ ವರದಿ ತನ್ನಿ, ಪೇಟೆಂಟು ನಿಮ್ಮ ಹೆಸರಲ್ಲೇ ಇರಲಿ, ರಿಂಗು ನಿಮ್ಮ ಶೆಡ್ಡಿನಲ್ಲೇ ಆಗಲಿ, ನಮ್ಮ ಎಲ್ಲ ಪಂಪಿಗೂ ನಿಮ್ಮದನ್ನೇ ಹಾಕುತ್ತೇವೆ ಎಂದಿತ್ತು. ಇಷ್ಟು ದಿನ ಬೇರೆಯವರ ಯಂತ್ರದ ಬಿಡಿಭಾಗ ಕಡೆದುಕೊಟ್ಟು ಬದುಕಿದ ಭಾವನಿಗೆ ತನ್ನದು ಅನ್ನುವ ಒಂದು ವಸ್ತು ಮೊದಲ ಸಲ ಆಗುವುದರಲ್ಲಿತ್ತು. ವರದಿ ಕೊಡಲು ಕಂಪನಿ ಹೇಳಿದ ಗಡುವು ಈ ಗುರುವಾರ.

ನೆಂಟರ ಕೆಲಸವನ್ನು ನೆಂಟರು ಮಾಡಬಾರದು ಎಂಬುದು ಕೇಂದ್ರದ ರೂಢಿ. ಪಕ್ಕದ ಮೇಜಿಗೆ ಕೊಡಿ ಎಂದು ಕೇಂದ್ರದ ಮುಖ್ಯಸ್ಥೆ ಮೇಡಮ್ ಅಂದಿದ್ದರು. ಅವನೇ ಹಟ ಹಿಡಿದು ಇಟ್ಟುಕೊಂಡ. ಪಕ್ಕದ ಮೇಜಿನವನು ಬುದ್ಧಿವಂತ, ಆದರೆ ತಾಳ್ಮೆಯಿಲ್ಲ, ಮೇಲೆಮೇಲೆ ನೋಡಿ ಕೈ ತೊಳೆದುಕೊಳ್ಳುತ್ತಾನೆ. ಭಾವನ ಎಂಟು ವರ್ಷವನ್ನು ಅವನ ಕೈಗೆ ಹೇಗೆ ಕೊಡುವುದು?

ಮೊದಲ ನಾಲ್ಕು ವಾರ ಏನೂ ಸಿಗಲಿಲ್ಲ. ಪಂಪಿನ ವರ್ಗದಲ್ಲಿ ಹುಡುಕಿದ. ಹಡಗಿನ ದಂಡ, ಗಾಣ, ರುಬ್ಬುವ ಯಂತ್ರ ಎಲ್ಲ ನೋಡಿದ. ಬೇರೆ ಯಾರಾದರೂ ಆಗಿದ್ದರೆ ಸಿಕ್ಕಿಲ್ಲ ಎಂದು ಬರೆದು ಮನೆಗೆ ಹೋಗುತ್ತಿದ್ದರು. ಅವನಿಗೆ ಒಂದು ಅಭ್ಯಾಸವಿತ್ತು. ಪ್ರತಿ ಪೇಟೆಂಟಿನಲ್ಲೂ ಅದಕ್ಕಿಂತ ಹಿಂದಿನವುಗಳ ಪಟ್ಟಿಯೊಂದಿರುತ್ತದೆ, ಯಾರೂ ಓದುವುದಿಲ್ಲ. ಅವನು ಓದುತ್ತಿದ್ದ. ಒಂದರ ಪಟ್ಟಿಯಿಂದ ಇನ್ನೊಂದಕ್ಕೆ, ಅದರ ಪಟ್ಟಿಯಿಂದ ಮತ್ತೊಂದಕ್ಕೆ, ಅಜ್ಜನ ಅಜ್ಜನನ್ನು ವಿಚಾರಿಸಿಕೊಂಡು ಹೋದ ಹಾಗೆ ಹೋದ. ಆರನೆಯ ವಾರದ ಸೋಮವಾರ, ಊಟದ ಹೊತ್ತಿಗೆ, ಆಸ್ಪತ್ರೆಯ ಬಟ್ಟೆ ಒಗೆಯುವ ದೊಡ್ಡ ಯಂತ್ರಗಳ ನಡುವೆ ಬಂದು ನಿಂತ. ಅಲ್ಲಿತ್ತು. ಎರಡು ಅರ್ಧಗಳ ರಿಂಗು, ಓರೆ ಅಂಚು, ನೀರಿನ ಒತ್ತಡಕ್ಕೆ ತಾನೇ ಬಿಗಿಯಾಗುವುದು. ಮೂವತ್ತೆಂಟು ವರ್ಷ ಹಳೆಯದು, ಬೇರೆ ಯಾವುದೋ ದೇಶದ್ದು. ಮಾಡಿದವನ ಹೆಸರಿನ ಮುಂದೆ ಕಸುಬು: ಲಾಂಡ್ರಿ ಮೆಕ್ಯಾನಿಕ್.

"ಸಿಕ್ತು!" ಎಂದು ಅವನು ಗಟ್ಟಿಯಾಗಿ ಹೇಳಿಯೇಬಿಟ್ಟಿದ್ದ. ಪಕ್ಕದ ಮೇಜಿನವನು ಹೆಬ್ಬೆರಳು ಎತ್ತಿ ತೋರಿಸಿದ. ಸಿಕ್ಕಿದ್ದು ಯಾರದು ಎಂಬುದು ನೆನಪಾಗುವ ಹೊತ್ತಿಗೆ ಅವನ ಮುಖದ ಮೇಲೆ ನಗು ಬಂದು ಕೂತಾಗಿತ್ತು. ಅದನ್ನು ಎಬ್ಬಿಸಿ ಕಳಿಸುವುದು ಕಷ್ಟವಾಯಿತು.

ಈಗ ಮೂರು ಗಂಟೆ. ಇನ್ನೂ ಹಾಗೇ ಕೂತಿದ್ದ. ಮೇಡಮ್ ಕೈಯಲ್ಲಿ ಚಹಾದ ಲೋಟ ಹಿಡಿದುಕೊಂಡು ಬಂದು ಮೇಜಿನ ಪಕ್ಕ ನಿಂತರು. ಕನ್ನಡಕ ತಲೆಯ ಮೇಲಿತ್ತು. ಕೇಂದ್ರದಲ್ಲಿ ಸುದ್ದಿಗೆ ಕಾಲು ಜಾಸ್ತಿ.

"ಸಿಕ್ತಂತೆ?"

"ಸಿಕ್ತು ಮೇಡಮ್."

"ಎಷ್ಟು ಹತ್ರ?"

"ಪೂರ್ತಿ ಅದೇ."

ಮೇಡಮ್ ಕನ್ನಡಕ ಇಳಿಸಿಕೊಂಡು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ನಾನು ಆವತ್ತೇ ಹೇಳಿದ್ದೆ. ಅವನಿಗೆ ಕೊಡಿ ಅಂತ."

"ಅವನು ಮೇಲೆಮೇಲೆ ನೋಡ್ತಾನೆ ಮೇಡಮ್."

"ಅದಕ್ಕೇ ಹೇಳಿದ್ದು."

ಕೆಳಗಿನ ಅಂಗಡಿಯಲ್ಲಿ ಯಾರೋ ತಕ್ಕಡಿಗೆ ನಟ್ಟು ಸುರಿದ ಸದ್ದು ಬಂತು.

"ಈ ಹಾಳೆ..." ಎಂದು ಅವನು ಶುರು ಮಾಡಿದ.

"ನೀವು ಕೇಳಲಿಲ್ಲ, ನಾನು ಕೇಳಿಸ್ಕೊಳ್ಳಲಿಲ್ಲ," ಅಂದರು ಮೇಡಮ್. "ನೋಡಿ ಇವ್ರೇ, ನಾಳೆ ಕಂಪನಿಯ ವಕೀಲರು ಇದನ್ನೇ ತೆಗೆದು ಮುಂದಿಟ್ರೆ ನಿಮ್ಮ ಭಾವನ ಮುಖ ಎಲ್ಲಿಡ್ತೀರಿ? ವರದಿಗೆ ಹಾಕಿ. ಇದೇನು ಸಾವಿನ ಸುದ್ದಿ ಅಲ್ಲ. ಆ ಮನುಷ್ಯ ಶುಲ್ಕ ಕಟ್ಟದೆ ಬಿಟ್ಟಿದ್ದಾನೆ ನೋಡಿ, ಐದನೇ ವರ್ಷಕ್ಕೇ ಬಿದ್ದುಹೋಗಿದೆ. ಪೇಟೆಂಟು ಸಿಗಲ್ಲ ಅಷ್ಟೆ, ರಿಂಗು ಮಾಡೋಕೆ ಯಾರ ಅಡ್ಡಿನೂ ಇಲ್ಲ. ಅದನ್ನ ಬಾಯಲ್ಲಿ ಹೇಳಿ, ಸಮಾಧಾನ ಮಾಡಿ. ಬಾಯಿ ಇದೆ ತಾನೆ ನಿಮಗೆ?"

ಬಾಯಿ ಇತ್ತು. ಅದು ಹೊತ್ತಿಗೆ ಸರಿಯಾಗಿ ಎಂದೂ ತೆರೆದುಕೊಳ್ಳುತ್ತಿರಲಿಲ್ಲ. ಅಪ್ಪ ತೀರಿಕೊಂಡಾಗ ಅಕ್ಕನ ಪಕ್ಕ ಒಂದಿಡೀ ದಿನ ಕೂತು ಒಂದು ಮಾತೂ ಆಡದೆ ಎದ್ದು ಬಂದಿದ್ದ. ಮೂರು ದಿನದ ಮೇಲೆ ಆರು ಪುಟದ ಪತ್ರ ಬರೆದಿದ್ದ. ಒಂದೇ ಊರು, ನಾಲ್ಕು ಬೀದಿ ಆಚೆ. ಅಕ್ಕ ಆ ಪತ್ರ ಓದಿ ಅತ್ತಳೋ ನಕ್ಕಳೋ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ವರದಿಯ ನಮೂನೆ ಚಿಕ್ಕದು. ಸಿಕ್ಕ ಪೇಟೆಂಟಿನ ಸಂಖ್ಯೆ, ವರ್ಷ, ಎಷ್ಟು ಹೋಲುತ್ತದೆ, ಕೊನೆಯಲ್ಲಿ ಷರಾ ಎಂಬ ಅಂಕಣ. ಷರಾದಲ್ಲಿ ಎಲ್ಲರೂ ಏನೂ ಇಲ್ಲ ಎಂದೇ ಬರೆಯುತ್ತಿದ್ದರು. ಅವನೂ ಹನ್ನೊಂದು ವರ್ಷ ಹಾಗೇ ಬರೆದಿದ್ದ. ಆ ಮಂಗಳವಾರ ಬೆಳಿಗ್ಗೆ, ಭಾವನ ಎದುರು ನಿಂತು ಇದನ್ನೆಲ್ಲ ಹೇಳುವುದು ತನ್ನಿಂದಾಗದು ಅನ್ನಿಸಿ, ಅವನು ಷರಾದಲ್ಲಿ ನಾಲ್ಕು ಸಾಲು ಬರೆದ.

ಈ ಪೇಟೆಂಟು ಶುಲ್ಕ ಕಟ್ಟದೆ ಐದನೆಯ ವರ್ಷದಲ್ಲಿ ರದ್ದಾಗಿದೆ. ನಮ್ಮಲ್ಲಿ ಎಂದೂ ನೋಂದಣಿಯಾಗಿಲ್ಲ. ಆದ್ದರಿಂದ ಈ ರಿಂಗನ್ನು ಯಾರ ಅಪ್ಪಣೆಯೂ ಇಲ್ಲದೆ ಯಾರು ಬೇಕಾದರೂ ತಯಾರಿಸಬಹುದು. ನೀರಿನ ಪಂಪುಗಳಿಗೂ ಇದು ಚೆನ್ನಾಗಿ ಒಗ್ಗುತ್ತದೆ.

ಓದಿಕೊಂಡ. ಮಾತಾಡಿದಷ್ಟೇ ಹಗುರವಾಯಿತು. ಭಾವನಿಗೆ ಅನುಕೂಲವಾಗಲಿ ಎಂದು ಲಾಂಡ್ರಿ ಮೆಕ್ಯಾನಿಕ್ಕನ ಚಿತ್ರಗಳನ್ನೂ, ಅಳತೆಗಳ ಅನುವಾದವನ್ನೂ ಹಿಂದೆ ಲಗತ್ತಿಸಿದ.

ಬುಧವಾರ ಅರ್ಧ ದಿನ ರಜೆ ಹಾಕಿ ಅಕ್ಕನ ಮನೆಗೆ ಹೋದ. ಮನೆಯ ಹಿಂದಿನ ಶೆಡ್ಡಿನಲ್ಲಿ ಲೇತು ತಿರುಗುತ್ತಿತ್ತು. ಅಕ್ಕ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ತಮ್ಮನ ಮುಖ ನೋಡಿದವಳೇ ಕೈಯಲ್ಲಿದ್ದ ಟವೆಲನ್ನು ಬಿಟ್ಟು ಗಂಡನನ್ನು ಕೂಗಿದಳು.

ಭಾವ ಕೈ ಒರೆಸಿಕೊಂಡು ಬಂದು ಕೂತ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದಿದ. ಅರ್ಧದಲ್ಲಿ ಬೆರಳು ನಿಂತಿತು.

"ಒಗೆಯೋ ಮಿಷಿನ್ನಾ?"

"ಆಸ್ಪತ್ರೆ ಬಟ್ಟೆ ಒಗೆಯೋದು ಭಾವ. ದೊಡ್ಡದು."

"ಒಗೆಯೋ ಮಿಷಿನ್ನು!" ಭಾವ ಜೋರಾಗಿ ನಕ್ಕ. "ಲೇ, ಕೇಳಿದ್ಯೇನೇ? ನಿನ್ನ ಸವತಿಗೆ ಮೊದಲೇ ಮದುವೆ ಆಗಿತ್ತಂತೆ! ನಾನು ಎಂಟು ವರ್ಷ ಕಂಡೋರ ಹೆಂಡ್ತಿ ಹಿಂದೆ ಅಲೆದೆ ನೋಡು."

ಅಕ್ಕ ನಗಲಿಲ್ಲ. ಭಾವನ ನಗುವೂ ಪಂಪು ನಿಲ್ಲಿಸಿದ ಮೇಲೆ ಕೊಳವೆಯಲ್ಲಿ ಉಳಿದ ನೀರು ಬಂದ ಹಾಗೆ ಇಷ್ಟಿಷ್ಟೇ ಬಂದು ನಿಂತುಹೋಯಿತು. ಚಿತ್ರವಿದ್ದ ಹಾಳೆಯನ್ನು ಬೆಳಕಿಗೆ ಹಿಡಿದ. ಓರೆ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ, ಕಾಗದದ ಮೇಲೆ ಅದು ಕೈಗೆ ಹತ್ತುತ್ತದೋ ಎಂಬಂತೆ.

"ಇವನಿಗೆ ಎಷ್ಟು ವರ್ಷ ಹಿಡೀತಂತೆ?"

"ಅದನ್ನೆಲ್ಲ ಬರೆದಿರಲ್ಲ ಭಾವ."

"ಬರೀಬೇಕಿತ್ತು," ಅಂದ ಭಾವ.

ಅಕ್ಕ ತಮ್ಮನ ಕಡೆ ತಿರುಗಿದಳು. ದನಿ ತಗ್ಗಿಸಿ ಕೇಳಿದಳು. "ಅಲ್ವೋ, ನಿಂಗೆ ಅದು ಸಿಕ್ಕಲೇಬೇಕಿತ್ತಾ? ಆ ಒಂದು ಹಾಳೆ ಇಲ್ದೇ ಇದ್ರೆ ಯಾರ ಗಂಟೇನು ಹೋಗ್ತಿತ್ತು?"

"ಸುಮ್ನಿರೇ. ಅವನ ಅನ್ನಕ್ಕೆ ಕಲ್ಲು ಹಾಕ್ಬೇಡ."

"ನಾನು ಯಾರ ಅನ್ನಕ್ಕೂ ಕಲ್ಲು ಹಾಕ್ತಿಲ್ಲ. ನಮ್ಮನೆ ಅನ್ನದ ಮಾತಾಡ್ತಿದ್ದೀನಿ."

ಅವನು ನೆಲ ನೋಡುತ್ತಿದ್ದ. ಈಗ ಹೇಳಬೇಕು ಅನ್ನಿಸಿತು. ಷರಾ ಓದಿ ಭಾವ, ಕೊನೆಯಲ್ಲಿದೆ, ನೀವು ಮಾಡಬಹುದು, ಮಾಡಿ, ಕಂಪನಿಯವರು ಏನಾದರೂ ಅನ್ನಲಿ, ಮೊದಲು ನೀವು ಮಾಡಿ ಮಾರುಕಟ್ಟೆಗೆ ಇಳಿಸಿ. ಇನ್ನೂ ಒಂದು ಮಾತಿತ್ತು. ವರದಿಯನ್ನು ಇಡಿಯಾಗಿ ಯಾರಿಗೂ ಕೊಡಬೇಡಿ, ಹೊಸದಲ್ಲವಂತೆ ಎಂದು ಬಾಯಲ್ಲಿ ಹೇಳಿದರೆ ಸಾಕು. ಅವನ ಕಸುಬಿನಲ್ಲಿ ಅದು ಮೊದಲ ಪಾಠ. ಭಾವ ಅಷ್ಟರಲ್ಲಿ ವರದಿ ಮಡಿಸಿದ. ಅವನ ಬೆರಳು ಷರಾದವರೆಗೆ ಹೋಗಲೇ ಇಲ್ಲ.

"ಇದ್ದಿದ್ದನ್ನ ಇದ್ದ ಹಾಗೆ ಕಂಪನಿಗೆ ಕೊಟ್ಟುಬಿಡ್ತೀನಿ. ಕದ್ದುಮುಚ್ಚಿ ಮಾಡೋದು ನಂಗೆ ಬರಲ್ಲ. ಅವರೇನೂ ಕೆಟ್ಟ ಜನ ಅಲ್ಲ, ಪೇಟೆಂಟು ಇಲ್ದಿದ್ರೂ ರಿಂಗಂತೂ ನಾನು ಮಾಡಿದ್ದೇ ತಾನೆ? ನನ್ ಹತ್ರಾನೇ ತಗೋತಾರೆ." ಎದ್ದವನು ಅವನ ಬೆನ್ನ ಮೇಲೆ ಕೈಯಿಟ್ಟ. "ಊಟ ಮಾಡ್ಕೊಂಡು ಹೋಗೋ. ಮುಖ ನೋಡಿದ್ರೆ ನಿನ್ನ ರಿಂಗೇ ಹೋದ ಹಾಗಿದೆ."

ಶೆಡ್ಡಿನಲ್ಲಿ ಲೇತು ಮತ್ತೆ ತಿರುಗತೊಡಗಿತು. ಅವನು ಊಟ ಮಾಡಿದ. ಅಕ್ಕ ಬಡಿಸಿದಳು, ಬೇಕಾ ಸಾಕಾ ಎಂದು ಕೇಳಲಿಲ್ಲ.

ಕಂಪನಿಯ ಉತ್ತರ ಬರಲು ಹದಿನೈದು ದಿನ ಹಿಡಿಯಿತು. ಅಕ್ಕ ಫೋನಿನಲ್ಲಿ ಓದಿ ಹೇಳಿದಳು. ಬಹಳ ಮರ್ಯಾದೆಯ ಪತ್ರ. ವಿವರವಾದ ವರದಿ ಒದಗಿಸಿದ್ದಕ್ಕೆ ಧನ್ಯವಾದ. ವರದಿಯ ಷರಾದಲ್ಲಿ ತಿಳಿಸಿರುವಂತೆ ಸದರಿ ರಿಂಗನ್ನು ಯಾರು ಬೇಕಾದರೂ ತಯಾರಿಸಬಹುದಾದ್ದರಿಂದ ಪ್ರತ್ಯೇಕ ಒಪ್ಪಂದದ ಅಗತ್ಯ ಕಂಡುಬರುವುದಿಲ್ಲ. ನಿಮ್ಮ ಮುಂದಿನ ಪ್ರಯತ್ನಗಳಿಗೆ ಶುಭ ಹಾರೈಸುತ್ತೇವೆ.

"ಷರಾ ಅಂದ್ರೆ ಏನೋ?" ಎಂದು ಅಕ್ಕ ಕೇಳಿದಳು.

"ಕೊನೇಲಿ ಬರೆಯೋದು," ಅಂದ.

"ಓ," ಅಂದಳು ಅಕ್ಕ. ಆಮೇಲೆ ಅವಳು ಪತ್ರ ಮಡಿಸಿದ ಸದ್ದು ಫೋನಿನಲ್ಲಿ ಕೇಳಿಸಿತು.

ಐದು ತಿಂಗಳ ಮೇಲೆ ಒಂದು ಬೆಳಿಗ್ಗೆ ಕೇಂದ್ರದ ಮೆಟ್ಟಿಲು ಹತ್ತಲು ಹೋದವನು ನಟ್ಟು ಬೋಲ್ಟಿನ ಅಂಗಡಿಯ ಮುಂದೆ ನಿಂತ. ಬಾಗಿಲಿನ ಪಕ್ಕ ಹೊಸ ಪೋಸ್ಟರು ಅಂಟಿಸಿದ್ದರು. ನೀಲಿ ಬಣ್ಣದ ಪಂಪು, ಅದರ ಪಕ್ಕದಲ್ಲಿ ದೊಡ್ಡದಾಗಿ ಬರೆದ ಎರಡು ತುಂಡಿನ ರಿಂಗು. ಬಿಚ್ಚದೆ ಬದಲಿಸಿ ಎಂದು ಕೆಳಗೆ. ಚಿತ್ರ ಬರೆದವರು ಓರೆ ಅಂಚನ್ನು ಹಳದಿಯಲ್ಲಿ ಎದ್ದು ಕಾಣುವಂತೆ ತೋರಿಸಿದ್ದರು. ಅಂಗಡಿಯವನು ಒಳಗಿನಿಂದ ಹೇಳಿದ. "ಒಳ್ಳೆ ಐಟಮ್ಮು ಸಾರ್. ಬಂದ ವಾರಕ್ಕೇ ಖಾಲಿ. ಯಾರ ತಲೇಲಿ ಹೊಳೀತೋ, ಪುಣ್ಯಾತ್ಮ."

ಮೇಲೆ ಮೇಡಮ್ ಕಾಯುತ್ತಿದ್ದರು. ಕೈಯಲ್ಲಿ ಕಂಪನಿಯಿಂದ ಬಂದ ಪತ್ರವಿತ್ತು. ಕೇಂದ್ರದ ವರದಿಯಿಂದ ತಮಗೆ ಆದ ಉಪಕಾರವನ್ನು ಸ್ಮರಿಸಿ ಬರೆದಿದ್ದರು. ಹನ್ನೊಂದು ವರ್ಷದಲ್ಲಿ ಅಂಥದೊಂದು ಪತ್ರ ಬಂದದ್ದು ಅದೇ ಮೊದಲು.

"ವರ್ಷದ ಪುಸ್ತಕಕ್ಕೆ ಅರ್ಧ ಪುಟ ಬೇಕು," ಅಂದರು. ಅವನ ಕಣ್ಣು ತಪ್ಪಿಸಿ ಕಿಟಕಿ ನೋಡುತ್ತಿದ್ದರು. "ಪೇಟೆಂಟು ಮಾಹಿತಿಯಿಂದ ಕೈಗಾರಿಕೆಗೆ ಏನು ಅನುಕೂಲ ಆಯ್ತು ಅಂತ ಮೇಲಿನವರು ಪ್ರತಿ ವರ್ಷ ಕೇಳ್ತಾರೆ, ನಾವು ಪ್ರತಿ ವರ್ಷ ತಡಬಡಾಯಿಸ್ತೀವಿ. ನೀವೇ ಬರೀಬೇಕು ಅಂತೇನಿಲ್ಲ. ಪಕ್ಕದ ಮೇಜಿಗೆ ಬೇಕಾದ್ರೆ ಹೇಳ್ತೀನಿ."

"ಬರೀತೀನಿ ಮೇಡಮ್."

ಬರೆದ. ಮರೆತುಹೋದ ಹಳೆಯ ಪೇಟೆಂಟೊಂದು ಕೇಂದ್ರದ ಹುಡುಕಾಟದಲ್ಲಿ ಬೆಳಕಿಗೆ ಬಂದು, ಒಂದು ಕಂಪನಿಯ ಪಂಪನ್ನು ಹೇಗೆ ಉತ್ತಮಪಡಿಸಿತು ಎಂದು ಬರೆದ. ಒಗೆಯುವ ಯಂತ್ರದ ವಿಷಯ ಹಾಕಿದ, ಓದುವವರಿಗೆ ಸ್ವಾರಸ್ಯವಾಗಲಿ ಎಂದು. ಒಂದು ಸುಳ್ಳೂ ಇರಲಿಲ್ಲ. ವರದಿ ಕೇಳಿ ಬಂದವರು ಯಾರು ಎಂಬುದಕ್ಕೆ ಅರ್ಧ ಪುಟದಲ್ಲಿ ಜಾಗವಿರಲಿಲ್ಲ.

ಆ ಭಾನುವಾರ ಅಕ್ಕನ ಮನೆಗೆ ಹೋದ. ಐದು ತಿಂಗಳಲ್ಲಿ ಹೋದದ್ದು ಎರಡೋ ಮೂರೋ ಸಲ, ಅದೂ ಭಾವ ಇಲ್ಲದ ಹೊತ್ತು ನೋಡಿಕೊಂಡು. ಈ ಸಲ ನೇರ ಶೆಡ್ಡಿಗೇ ಹೋದ. ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಭಾವ ಗೇಟಿನ ತಿರುಗಣಿಗಳಿಗೆ ಪಿನ್ನು ಕಡೆಯುತ್ತಿದ್ದ. ಯಾರದೋ ಆರ್ಡರು. ಗೋಡೆಯ ಪಕ್ಕ ರಿಂಗು ಪರೀಕ್ಷೆ ಮಾಡಲೆಂದು ನಿಲ್ಲಿಸಿದ್ದ ಪಂಪಿನ ಜಾಗ ಖಾಲಿಯಾಗಿತ್ತು. ನೆಲದ ಮೇಲೆ ಅದು ಕೂತಿದ್ದ ಚೌಕ ಮಾತ್ರ ಒಣಗಿ ಬೆಳ್ಳಗೆ ಕಾಣುತ್ತಿತ್ತು.

"ಬಾರೋ ಭೂತಗನ್ನಡಿ. ದಾರಿ ಮರೆತುಹೋಗಿತ್ತೇನೋ?"

"ಭಾವ, ಆ ಕಂಪನಿ ಪಂಪು..."

"ನೋಡಿದೆ. ತಂದು ಬಿಚ್ಚೂ ನೋಡಿದೆ. ಚೆನ್ನಾಗಿ ಮಾಡಿದ್ದಾರೆ. ಅಷ್ಟು ನಯ ನನ್ನ ಲೇತಿನಲ್ಲಿ ಬರ್ತಿರಲಿಲ್ಲ." ಭಾವ ಪಿನ್ನನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿದ.

"ನೀವೂ ಮಾಡಬಹುದಲ್ಲ ಭಾವ. ಕಾನೂನು ಪ್ರಕಾರ..."

"ಮಾಡಬಹುದು. ಪಂಪಿನ ಜೊತೆಗೇ ರಿಂಗು ಬರೋವಾಗ ನನ್ನ ಹತ್ರ ಯಾರು ಬರ್ತಾರೆ? ನಾನು ಮಾಡಿದ್ರೂ ಕಂಪನಿದು ಕದ್ದಿದ್ದೀನಿ ಅಂತಾರೆ." ಅದನ್ನು ಹೇಳುವಾಗ ದನಿಯಲ್ಲಿ ಸಿಟ್ಟಿರಲಿಲ್ಲ. ಲೇತು ನಿಲ್ಲಿಸಿ, ಸ್ಟೂಲನ್ನು ಅವನ ಕಡೆಗೆ ಕಾಲಲ್ಲಿ ತಳ್ಳಿ, ತಾನು ಮೇಜಿಗೆ ಒರಗಿ ನಿಂತ. "ನಿಮ್ಮಕ್ಕ ನಿನ್ನ ಮೇಲೆ ಸುಮ್ನೆ ಕೂಗಾಡ್ತಾಳೆ. ನಾನು ಅವಳಿಗೆ ಹೇಳಿದ್ದೀನಿ. ಅವನು ನೌಕರಿಯವನು ಕಣೇ, ಸಿಕ್ಕಿದ್ದನ್ನ ಬರೀಲೇಬೇಕು. ಆ ಷರಾದಲ್ಲಿ ಇದ್ದದ್ದೂ ಅಷ್ಟೆ. ಅದು ನೀವು ಎಲ್ಲರ ವರದಿಗೂ ಹಾಕೋ ಮಾತೇ ತಾನೆ?"

ಭಾವ ಅವನ ಮುಖವನ್ನೇ ನೋಡುತ್ತಿದ್ದ. ಲೇತು ನಿಂತಿದ್ದರಿಂದ ಶೆಡ್ಡಿನಲ್ಲಿ ಸದ್ದೇ ಇರಲಿಲ್ಲ. ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತು ಅಲ್ಲೇ, ನಾಲಿಗೆಯ ಬುಡದಲ್ಲೇ ಇತ್ತು.

"ಹ್ಞೂಂ ಭಾವ," ಅಂದ.

"ನಾನೂ ಅದೇ ಅಂದ್ಕೊಂಡೆ," ಅಂದ ಭಾವ. ಅವನ ಭುಜ ಇಳಿಯಿತು. ಏನನ್ನೋ ಕೆಳಗಿಟ್ಟವನ ಹಾಗೆ ಉಸಿರು ಬಿಟ್ಟು, ಇನ್ನೊಂದು ಪಿನ್ನು ಎತ್ತಿಕೊಂಡು ಲೇತು ಚಾಲೂ ಮಾಡಿದ.

ಅವನು ಸ್ಟೂಲಿನ ಮೇಲೆ ಕೂತು, ಕಬ್ಬಿಣದ ಸುರುಳಿಗಳು ಬೀಳುವುದನ್ನು ನೋಡಿದ. ಆಮೇಲೂ ಎಷ್ಟೋ ಭಾನುವಾರ ಬಂದ, ಅಲ್ಲೇ ಕೂತ. ಆ ನಾಲ್ಕು ಸಾಲು ಎಲ್ಲರ ವರದಿಯಲ್ಲೂ ಇರುವುದಿಲ್ಲ, ಅವನ್ನು ತಾನೇ ಬರೆದೆ ಎಂದು ಅವನು ಭಾವನಿಗಾಗಲಿ ಅಕ್ಕನಿಗಾಗಲಿ ಎಂದೂ ಹೇಳಲಿಲ್ಲ.